ಗಾಜಿನಾಚೆಯ ಗೆರೆ

ನಗೋರು ಈಗ್ಲೇ ನಕ್ಕು ಮುಗಿಸ್ಬಿಡಿ. ಮಧ್ಯದಲ್ಲಿ ನಕ್ರೆ ನಂಗೆ ಸಿಟ್ಟು ಬರುತ್ತೆ. ನನ್ನ, ಈ ದಾರಿಯೊನ ಸಿಟ್ಟು ಹೆಂಗಿರುತ್ತೆ ಅಂತ ಈ ವರ್ಮಾಂಟಿನ ಕಲ್ಲುಕುಟಿಗರನ್ನ ಯಾರನ್ನ ಬೇಕಾದ್ರೂ ಕೇಳಿ.

ಇದು ನನ್ನ ಚಿಕ್ಕಪ್ಪನ ಮಗಳು ಎಲ್ವೀರಾಗೆ ಆಗಿದ್ದು. ಅರ್ಧ ಅವಳ ಬಾಯಿಂದ ಕೇಳಿದ್ದು. ಇನ್ನರ್ಧ ಈ ಕಣ್ಣಲ್ಲಿ ನೋಡಿದ್ದು. ಅಲ್ಲ ಅನ್ನೋನು ಈಗ್ಲೇ ಎದ್ದು ಹೋಗ್ಬಹುದು, ಬಾಗಿಲು ತೆಗೆದೇ ಇದೆ.

ಜನವರಿ ತಿಂಗಳು. ರಾತ್ರಿ. ಎಲ್ವೀರಾ ಕಲ್ಲು ಕೆತ್ತೋ ಶೆಡ್ಡಿಂದ ಮನೆಗೆ ಒಬ್ಬಳೇ ನಡ್ಕೊಂಡು ಬರ್ತಾ ಇದ್ದಾಳೆ. ಕೋಟಿನ ಒಳಗೆ, ಎದೆಗೆ ಒತ್ತಿ ಹಿಡಿದಿರೋದು ಒಂದು ಸುರುಳಿ ಕಾಗದ. ಕದ್ದ ಕಾಗದ. ಹಿಮ ಬಿದ್ದು ಗಟ್ಟಿಯಾಗಿತ್ತು. ಕಾಲಿಟ್ರೆ ಕರಕ್... ಕರಕ್...

ದಾರೀಲಿ ಹಳೇ ಕಲ್ಲುಗಣಿ ಸಿಗುತ್ತೆ. ಕಲ್ಲು ತೆಗೆದೂ ತೆಗೆದೂ ಬಿಟ್ಟುಹೋದ ಗುಂಡಿ, ನೀರು ತುಂಬಿ ದೊಡ್ಡ ಬಾವಿ ಆಗಿದೆ. ಆಳ ಎಷ್ಟು ಅಂತ ಅಳೆದೋನು ಇಲ್ಲ. ಚಳಿಗಾಲದಲ್ಲಿ ಮೇಲೆ ಮಂಜುಗಡ್ಡೆ ಕಟ್ಟಿ, ರಾತ್ರಿ ಹೊತ್ತು ಬಿರುಕು ಬಿಟ್ಟು ಕೂಗುತ್ತೆ. ಊಂ... ಢಪ್. ಹೊಸಬರು ಹೆದರ್ಕೋತಾರೆ. ನಮಗೆಲ್ಲ ಅದು ಜೋಗುಳ.

ಅವತ್ತು ಗಡ್ಡೆ ಕೂಗ್ಲಿಲ್ಲ.

ಬಂದಿದ್ದು ಬೇರೆ ಸದ್ದು. ಮೊದಲು ಒಂದು ಸಣ್ಣ ಸೀಟಿ... ಸೀಂ... ಕೆಟಲು ಕುದಿಯೋಕೆ ಮುಂಚೆ ಬರುತ್ತಲ್ಲ, ಹಾಗೆ. ಅದರ ಹಿಂದೇನೇ ಕರ್ರ್... ಕರ್ರ್... ಜರಡೀಲಿ ಮರಳು ಆಡಿಸಿದ ಹಾಗೆ.

ಎಲ್ವೀರಾ ನಿಂತ್ಲು.

ಅದು ಕೆಮ್ಮು. ಕಲ್ಲುಕುಟಿಗನ ಕೆಮ್ಮು. ಅದು ಬೇರೆ ಯಾರ ಕೆಮ್ಮಿನ ಹಾಗೂ ಇರಲ್ಲ. ಶೆಡ್ಡಿನ ಬಾಗಿಲು ಹಾಕ್ಕೊಂಡು ಗಾಳಿಯಿಂದ ಓಡೋ ಸುತ್ತಿಗೇಲಿ ಗ್ರಾನೈಟ್ ಕುಟ್ಟಿದ್ರೆ ಹಿಟ್ಟಿನಂಥ ಧೂಳು ಏಳುತ್ತೆ. ಅದು ಎದೆ ಒಳಗೆ ಹೋಗಿ ಕೂತ್ಕೊಳುತ್ತೆ, ಹೊರಗೆ ಬರಲ್ಲ. ಆಮೇಲೆ ಆ ಮನುಷ್ಯನ ಎದೆ ಹಾಡೋಕೆ ಶುರು ಮಾಡುತ್ತೆ. ಒಬ್ಬೊಬ್ಬರದು ಒಂದೊಂದು ರಾಗ. ಹೆಂಡತಿ ಮಕ್ಕಳು ಕತ್ತಲಲ್ಲೂ ಕೆಮ್ಮು ಕೇಳಿ ಯಾರು ಬಂದ್ರು ಅಂತ ಹೇಳ್ತಾರೆ.

"ಯಾರು?" ಅಂತ ಪಿಸುಗುಟ್ಟಿದ್ಲು.

ಮತ್ತೆ ಕರ್ರ್... ಕರ್ರ್...

"ಅಪ್ಪಾ...?"

ಕೆಮ್ಮು ಟಕ್ ಅಂತ ನಿಂತುಹೋಯ್ತು.

ಅವಳ ಅಪ್ಪ, ನನ್ನ ಚಿಕ್ಕಪ್ಪ ಅಟ್ಟೀಲಿಯೊ, ಸೆಪ್ಟೆಂಬರಲ್ಲೇ ಮಣ್ಣಾಗಿದ್ದ. ಪೆಟ್ಟಿಗೆ ಹೊತ್ತೋರಲ್ಲಿ ನಾನೂ ಒಬ್ಬ. ಹಗುರ ಇತ್ತು. ಖಾಲಿ ಪೆಟ್ಟಿಗೆ ಹೊತ್ತ ಹಾಗಿತ್ತು.

ಅವಳು ಮತ್ತೆ ನಡೆದ್ಲು. ಕರಕ್... ಕರಕ್... ಹಿಂದೆ ಹೆಜ್ಜೆ ಸಪ್ಪಳ ಇಲ್ಲ. ಉಸಿರು ಮಾತ್ರ ಅವಳ ಜೊತೇಲೇ ಬಂತು. ಸೀಂ... ಸೀಂ... ಮನೆ ಮೆಟ್ಟಿಲವರೆಗೂ.

ಈಗ ಆ ಕಾಗದ ಯಾವುದು, ಯಾಕೆ ಕದ್ಲು ಅನ್ನೋದು ಹೇಳ್ಬೇಕು. ಹೇಳೋಕೆ ಹೊರಟ್ರೆ ನಂಗೆ ಇವತ್ತಿಗೂ ಮೈ ಉರಿಯುತ್ತೆ.

ಚಿಕ್ಕಪ್ಪ ಮೊದಲು ಕೆತ್ತೋನು, ಎದೆ ಕೆಟ್ಟ ಮೇಲೆ ನಕ್ಷೆ ಬರೆಯೋನು. ಗೋರಿಕಲ್ಲಿನ ಮೇಲೆ ಏನು ಕೆತ್ತಬೇಕೋ ಅದನ್ನ ಮೊದಲು ಕಾಗದದ ಮೇಲೆ, ಅಷ್ಟೇ ಅಳತೇಲಿ ಬರೀಬೇಕು. ಅದನ್ನ ಕಲ್ಲಿಗೆ ಇಳಿಸಿ ನನ್ನಂಥೋರು ಕೆತ್ತೋದು. ಕೆತ್ತೋದ್ರಲ್ಲಿ ನಾನು ಏನು ಅಂತ ನಾನೇ ಹೇಳ್ಕೋಬಾರದು. ಮೇಲಿನ ಸ್ಮಶಾನಕ್ಕೆ ಹೋಗಿ, ಆ ಜಡ್ಜಿನ ಹೆಂಡತಿ ಕಲ್ಲಿನ ಮೇಲಿರೋ ಗುಲಾಬಿ ಮುಟ್ಟಿ ನೋಡಿ. ಜೇನುಹುಳ ಬಂದು ಕೂತು, ಮೋಸ ಹೋಗಿ, ಬೈಕೊಂಡು ಎದ್ದು ಹೋಗಿದ್ದನ್ನ ನಾನು ನೋಡಿದೀನಿ.

ಚಿಕ್ಕಪ್ಪ ಮಗಳಿಗೆ ಸಣ್ಣೋಳಿದ್ದಾಗಿಂದ ಚಿತ್ರ ಕಲಿಸಿದ. ಕಲಿಸಿದ್ದು ತಿದ್ದಿಸಿ. ಮಕ್ಕಳಿಗೆ ಅಕ್ಷರ ತಿದ್ದಿಸಲ್ವಾ, ಹಾಗೇ. ತನ್ನ ನಕ್ಷೇನ ಕಿಟಕಿ ಗಾಜಿಗೆ ಅಂಟಿಸೋದು, ಮೇಲೆ ತೆಳ್ಳನೆ ಎಣ್ಣೆಕಾಗದ. ಹೊರಗಿನ ಬೆಳಕು ಎರಡರ ಒಳಗಿಂದ ತೂರಿ ಬಂದಾಗ ಕೆಳಗಿನ ಗೆರೆ ಮೇಲೆ ಕಾಣುತ್ತೆ. ಅದರ ಮೇಲೆ ಪೆನ್ಸಿಲ್ ಓಡಿಸ್ಬೇಕು. ಅವನದು ಒಂದೇ ಹಟ... ಒಂದು ಗೆರೆಗೆ ಒಂದು ಉಸಿರು. ನಡುವೆ ನಿಲ್ಲಿಸಿದ್ರೆ ಪೆನ್ಸಿಲಿನ ಹಿಂಬದೀಲಿ ಮೇಜಿನ ಮೇಲೆ ಟಕ್ ಟಕ್ ಅಂತ ಬಡಿಯೋನು. "ಸತ್ತ ಗೆರೆ! ಹೊಸ ಹಾಳೆ ತಗೋ!"

ತಿದ್ದಿ ಮುಗಿಸಿದ್ರೆ ಆ ಹಾಳೆ ಇಟ್ಕೊಳೋ ಹಾಗಿಲ್ಲ. ಒಲೆಗೆ ಹಾಕ್ಬೇಕು. ಅವನೇ ಒಲೆ ಬಾಗಿಲು ತೆಗೆದು ನಿಂತ್ಕೊಳೋನು.

"ಅಪ್ಪಾ, ಇದು ಚೆನ್ನಾಗಿ ಬಂದಿದೆ, ಇದೊಂದು ಇಟ್ಕೋತೀನಿ."

"ಚೆನ್ನಾಗಿ ಬಂದಿರೋದು ನಂದು ಕಣೇ, ನಿಂದಲ್ಲ. ಹಾಕು ಒಲೆಗೆ. ಈಗ ನೋಡ್ದೆ ಬರಿ. ಕೈಗೆ ದಾರಿ ಗೊತ್ತಾಗ್ಲಿ ಅಂತ ತಿದ್ಸೋದು. ಜೀವಮಾನ ಪೂರ್ತಿ ನನ್ನ ಕೈ ಹಿಡ್ಕೊಂಡು ನಡೀತೀಯಾ, ಕುಂಟೀ?"

ಹುಡುಗಿ ಅತ್ಕೊಂಡು ಹಾಕೋಳು. ಆದ್ರೆ ನೋಡ್ದೆ ಬರಿ ಅಂದ್ರೆ ಅವಳ ಕೈ ನಡುಗೋದು. ತಿದ್ದೋದ್ರಲ್ಲಿ ಅವಳಷ್ಟು ಚೂಟಿ ಇಲ್ಲ, ಬರೆಯೋದ್ರಲ್ಲಿ ಸೊನ್ನೆ. ದೊಡ್ಡೋಳಾಗಿ ಅದೇ ಶೆಡ್ಡಿನ ಆಫೀಸಲ್ಲಿ ಕೆಲಸಕ್ಕೆ ಸೇರಿದಾಗ ಅಲ್ಲಿಯ ಗಂಡಸರು ಅವಳನ್ನ ನೆರಳು ಅಂತ ಕರೆಯೋರು. "ಏ ನೆರಳೇ, ಈ ನಕ್ಷೆ ತಿದ್ದು. ಏ ನೆರಳೇ, ಕಾಫಿ ತಾ."

ಶೆಡ್ಡಿನ ಧಣಿ ಥಾಯರ್ ಅಂತ. ಹೊಟ್ಟೆ ಮೇಲೆ ಗಡಿಯಾರದ ಸರಪಳಿ. ಧೂಳು ಹೀರೋ ಯಂತ್ರ ಹಾಕ್ಸು, ಸಾಯ್ತಾ ಇದೀವಿ ಅಂತ ನಾವೆಲ್ಲ ಹೋಗಿ ಕೇಳಿದ್ವಿ. ಆ ಬಡ್ಡಿಮಗ ಏನಂದ ಗೊತ್ತಾ? "ನಮ್ಮಪ್ಪನೂ ಇದೇ ಗಾಳಿ ಉಸಿರಾಡಿದ. ಕಿಟಕಿ ತೆಗೀರಿ." ಜನವರೀಲಿ ಕಿಟಕಿ ತೆಗೀಬೇಕಂತೆ! ಉಳಿಗೆ ಕೈ ಅಂಟ್ಕೊಂಡು ಚರ್ಮ ಕಿತ್ತು ಬರೋ ಚಳೀಲಿ! ನಾನು ಅವನ ಮುಖಕ್ಕೇ ಹೇಳ್ದೆ, ನಿನ್ನ ಗೋರಿಕಲ್ಲು ಬಂದಾಗ ನನ್ನ ಹತ್ರ ಕಳ್ಸು, ಅಕ್ಷರ ತಲೆಕೆಳಗು ಕೆತ್ತಿ ಕೊಡ್ತೀನಿ ಅಂತ. ಅವತ್ತೇ ಹೊರಗೆ ಹಾಕ್ದ. ಬೇರೆ ಶೆಡ್ಡು ಮಾರನೇ ದಿನ ಕರೀತು. ನನ್ನ ಕೈ ಅಂಥದ್ದು.

ಚಿಕ್ಕಪ್ಪ ಸಾವಿಗೆ ಸಿದ್ಧನಾಗಿದ್ದ. ಊಟದ ಹೊತ್ತಲ್ಲಿ, ಎಲ್ಲರೂ ರೊಟ್ಟಿ ತಿನ್ನೋವಾಗ, ತನ್ನ ಗೋರಿಕಲ್ಲಿನ ನಕ್ಷೆ ತಾನೇ ಬರೀತಿದ್ದ. ನಮ್ಮೋರಲ್ಲಿ ಅದು ಹಾಗೇ, ಜೀವಮಾನ ಪೂರ್ತಿ ಬೇರೆಯೋರ ಕಲ್ಲು ಮಾಡ್ದೋನು ತನ್ನದನ್ನ ಬೇರೆಯೋರ ಕೈಗೆ ಬಿಡಲ್ಲ. ಸಣ್ಣ ಕಲ್ಲು. ಒಂದು ಲಿಲಿ ಹೂವಿನ ದಂಟು, ಎರಡು ಎಲೆ, ದಂಟು ಹಿಡಿದಿರೋ ಒಂದು ಕೈ. ಆದ್ರೆ ಕೈ ಬರೀಲಿಲ್ಲ. ಅಂಗಿ ತೋಳು, ಮಣಿಕಟ್ಟು... ಅಲ್ಲಿಗೆ ಗೆರೆ ನಿಂತಿತ್ತು. ಅವತ್ತು ಕೆಮ್ಮಿ ರಕ್ತ ಕಕ್ಕಿ ನಕ್ಷೆ ಬರೆಯೋ ಬೋರ್ಡಿನ ಮೇಲೆ ಬಿದ್ದೋನು ಮತ್ತೆ ಬೋರ್ಡಿಗೆ ಬರ್ಲೇ ಇಲ್ಲ.

ಎಲ್ವೀರಾ ಹೋಗಿ ಆ ಹಾಳೆ ಕೇಳಿದ್ಲು. ಥಾಯರ್ ಕೊಡ್ಲಿಲ್ಲ.

"ಪೇಪರ್ ನಂದು, ಪೆನ್ಸಿಲ್ ನಂದು. ನಕ್ಷೆ ಶೆಡ್ಡಿಂದು," ಅಂದ. "ಬಾಸ್ಟನ್ನಿನ ಬ್ಯಾಂಕಿನೋರಿಗೆ ತಮ್ಮನೆ ಗೋರಿಗೆ ಬೇಕಂತೆ. ಕೈ ಯಾರಾದ್ರೂ ತುಂಬಿಸ್ತಾರೆ."

ಕೇಳಿದ್ರಾ? ಕೊಂದೋನು ಅವನೇ, ಸತ್ತೋನ ಕಲ್ಲನ್ನೂ ಮಾರೋನು ಅವನೇ! ಚಿಕ್ಕಪ್ಪನ ಮಣ್ಣಿನ ಮೇಲೆ ಅವಾಗ ಇದ್ದದ್ದು ಒಂದು ಮರದ ಗೂಟ. ಊರಿಗೆಲ್ಲ ಕಲ್ಲು ಕೊಟ್ಟೋನಿಗೆ ಗೂಟ!

"ಕಲ್ಲು ನಾನು ತರ್ತೀನಿ," ಅಂತ ನಾನು ಎಲ್ವೀರಾಗೆ ಹೇಳ್ದೆ. "ಕೆತ್ತೋದೂ ನಾನೇ. ಬೇರೆ ನಕ್ಷೆ ಬರೆಸೋಣ ಬಿಡೇ."

"ಅಪ್ಪ ತನಗೆ ಅಂತ ಬರ್ದಿದ್ದು ಅದು. ಅದೇ ಬೇಕು."

"ಅವನು ಕೊಡಲ್ಲ."

"ಕೊಡು ಅಂತ ಇನ್ನು ಯಾರು ಕೇಳ್ತಾರೆ?" ಅಂದ್ಲು.

"ನೋಡು, ನಕಲು ಅಂತ ಗೊತ್ತಾದ್ರೆ..."

"ಗೊತ್ತು ಕಣೋ."

ಅವಳಿಗೂ ಗೊತ್ತಿತ್ತು, ನಂಗೂ ಗೊತ್ತಿತ್ತು. ಶೆಡ್ಡುಗಳ ನಡುವೆ ಒಂದು ಕಟ್ಟಳೆ ಇತ್ತು. ಇದು ನಮ್ಮ ನಕ್ಷೆ ಅಂತ ಯಾರಾದ್ರೂ ತಕರಾರು ಎತ್ತಿದ್ರೆ, ಎರಡು ಹಾಳೇನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿಯೋದು. ಗೆರೆ ಮೇಲೆ ಗೆರೆ ಕೂತ್ರೆ ಕದ್ದದ್ದು. ಆಮೇಲೆ ಯಾವ ಗಣಿಯೋನೂ ಆ ಕೆಲಸಕ್ಕೆ ಕಲ್ಲು ಕೊಡಲ್ಲ, ಯಾವನೂ ಉಳಿ ಮುಟ್ಟಲ್ಲ. ಕೂರದಿದ್ರೆ ಸ್ವಂತವಾಗಿ ಬರೆದಿದ್ದು, ಬರೆದೋನದು. ಅಷ್ಟೇ.

ಆದ್ರೂ ಅವತ್ತು ರಾತ್ರಿ ಆ ಹಾಳೆ ಅವಳ ಕೋಟಿನ ಒಳಗಿತ್ತು. ಬೆಳಗಾಗೋದ್ರೊಳಗೆ ತಿದ್ದಿ, ಮೂಲ ವಾಪಸ್ ಇಟ್ಟುಬಿಡೋ ಲೆಕ್ಕ.

ಅವಳ ಮನೆ ಮಹಡಿ ಮೇಲೆ. ಕೆಳಗೆ ಪಾಲ್ಮೀರಾ ಅಂತ ವಿಧವೆ. ಅವಳ ಗಂಡನೂ ಧೂಳಿಗೇ ಹೋದೋನು, ಅವಳು ಕಳ್ಳ ಸಾರಾಯಿ ಮಾರಿ ಬದುಕ್ತಿದ್ಲು. ಕಿಟಕಿ ಎದುರಿಗೆ ರೈಲು ಹಳಿ, ಹಳಿ ಪಕ್ಕ ಎತ್ತರದ ಕಂಬ, ಕಂಬದ ಮೇಲೆ ರಾತ್ರಿಯೆಲ್ಲ ಉರಿಯೋ ದೊಡ್ಡ ದೀಪ. ಎಲ್ವೀರಾ ಮನೆ ಒಳಗಿನ ದೀಪ ಆರಿಸಿದ್ಲು. ಅಪ್ಪನ ಹಾಳೆ ಗಾಜಿಗೆ ಅಂಟಿಸಿದ್ಲು, ಮೇಲೆ ಎಣ್ಣೆಕಾಗದ. ಕಂಬದ ಬೆಳಕಿಗೆ ಲಿಲಿ ಹೂವು ಎದ್ದು ಕಾಣಿಸ್ತು.

ತಿದ್ದೋಕೆ ಶುರು ಮಾಡಿದ್ಲು. ಸರ್... ಸರ್ರ್... ಪೆನ್ಸಿಲ್ ಸದ್ದು ಬಿಟ್ರೆ ಬೇರೆ ಇಲ್ಲ.

ಮೊದಲ ಎಲೆ ಆಯ್ತು. ಎರಡನೇ ಎಲೆ ತಿರುವಲ್ಲಿ ಕೈ ತಡೀತು, ಪೆನ್ಸಿಲ್ ನಿಂತುಹೋಯ್ತು.

ಟಕ್ ಟಕ್.

ಗಾಜಿನ ಮೇಲೆ. ಹೊರಗಡೆಯಿಂದ.

ಮಹಡಿ ಕಿಟಕಿ ಕಣ್ರೋ ಅದು. ಕೆಳಗೆ ಬರೀ ಗೋಡೆ.

ಅವಳು ಉಸಿರು ಬಿಗಿ ಹಿಡಿದ್ಲು. ಮತ್ತೆ ಪೆನ್ಸಿಲ್ ಇಟ್ಲು. ಈಗ ಕಾಗದದ ಮೇಲೆ, ಕಂಬದ ಬೆಳಕಿಗೂ ಗಾಜಿಗೂ ಮಧ್ಯೆ, ಒಂದು ನೆರಳು ಬಂತು. ಕೊಂಬೆ ನೆರಳಲ್ಲ, ಅಲ್ಲಿ ಮರವೇ ಇಲ್ಲ. ದಪ್ಪ ಹೆಬ್ಬೆರಳಿನ ನೆರಳು. ಅದು ಅವಳ ಪೆನ್ಸಿಲ್ ಹಿಂದೇನೇ ಬಂತು. ಅವಳು ಓಡಿಸಿದ್ರೆ ಓಡ್ತು... ನಿಲ್ಲಿಸಿದ್ರೆ ನಿಂತುಬಿಡ್ತು. ಜೊತೆಗೆ ಗಾಜಿನ ಮೇಲೆ ಉಗುರು ಎಳೆಯೋ ಸದ್ದು. ಕ್ರೀ...ಕ್. ಮತ್ತೆ ಆ ಸೀಟಿ. ಸೀಂ...

ಬೇರೆ ಯಾರಾದ್ರೂ ಆಗಿದ್ರೆ ಕಿರುಚ್ಕೊಂಡು ಮೆಟ್ಟಿಲು ಉರುಳಿ ಬೀಳ್ತಿದ್ರು. ಎಲ್ವೀರಾ ನಮ್ಮ ವಂಶದೋಳು. ಹಲ್ಲು ಕಚ್ಕೊಂಡು ಪಿಸುಗುಟ್ಟಿದ್ಲಂತೆ, "ಸುಮ್ನಿರಪ್ಪ. ನಿಂದೇ ಕೆಲಸ ಮಾಡ್ತಿರೋದು."

ದಂಟು ಆಯ್ತು, ಹೂವಾಯ್ತು, ತೋಳು ಆಯ್ತು, ಮಣಿಕಟ್ಟು. ಅಲ್ಲಿಗೆ ಅಪ್ಪನ ಗೆರೆ ಮುಗೀತು. ಅವಳ ಗೆರೆಯೂ ಮುಗೀತು. ಮುಂದೆ ಖಾಲಿ ಕಾಗದ. ಪೆನ್ಸಿಲ್ ತುದಿ ಅಲ್ಲೇ ನಿಂತುಹೋಯ್ತು. ಕೆಳಗೆ ಗೆರೆ ಇಲ್ದೆ ಅವಳ ಕೈ ಒಂದು ಕೂದಲೆಳೆಯಷ್ಟೂ ಮುಂದೆ ಹೋಗಲ್ಲ.

"ಕೈ ಇಲ್ದೆ ಇದ್ರೂ ಪರವಾಗಿಲ್ಲ," ಅಂತ ತನಗೆ ತಾನೇ ಹೇಳ್ಕೊಂಡ್ಲು. "ಕಲ್ಲಾದ್ರೂ ಆಗುತ್ತೆ."

ಎಣ್ಣೆಕಾಗದ ಬಿಚ್ಚಿ, ಸುರುಳಿ ಸುತ್ತಿ, ಹಿಟ್ಟಿನ ಡಬ್ಬದ ಹಿಂದೆ ಅಡಗಿಸಿಟ್ಲು.

ಇಟ್ಟ ಕೂಡ್ಲೇ... ಖಣಾರ್!

ಒಲೆ ಬಾಗಿಲು. ಎರಕದ ಕಬ್ಬಿಣದ ಬಾಗಿಲು, ಚಿಲಕ ಹಾಕಿತ್ತು. ತಾನಾಗೇ ತೆರ್ಕೊಂಡು ಗೋಡೆಗೆ ಬಡೀತು. ಒಳಗೆ ಕೆಂಡ ಕೆಂಪಗೆ.

ಹೋಗಿ ಮುಚ್ಚಿದ್ಲು. ಚಿಲಕ ಹಾಕಿದ್ಲು.

ಖಣಾರ್!

ಮತ್ತೆ ಮುಚ್ಚಿದ್ಲು. ಸರಳು ಅಡ್ಡ ಕೊಟ್ಲು. ಸರಳು ಠಣ್ ಅಂತ ನೆಲಕ್ಕೆ ಬಿದ್ದು ಉರುಳ್ತು. ಖಣಾರ್! ಕಿಟಕಿ ಚೌಕಟ್ಟು ಗಡಗಡ ಅಂತು. ಉಸಿರಿನ ಸದ್ದು ಈಗ ಹೊರಗಿಲ್ಲ... ಒಳಗಿತ್ತು. ಒಲೆ ಪಕ್ಕದಲ್ಲಿ. ಅವನು ಯಾವಾಗಲೂ ನಿಂತ್ಕೊಳ್ತಿದ್ದ ಜಾಗದಲ್ಲಿ. ಕರ್ರ್... ಕರ್ರ್...

ಅವಳಿಗೆ ಅರ್ಥ ಆಯ್ತು. ತಿದ್ದಿದ ಹಾಳೆ ಇಟ್ಕೊಂಡಿದ್ಲಲ್ಲ. ಅದಕ್ಕೆ.

ಆವಾಗ ಅವಳಿಗೆ ಬಂದ ಸಿಟ್ಟು ಇದೆಯಲ್ಲ... ದೆವ್ವಕ್ಕೆ ಹೆದರೋರನ್ನ ನೋಡಿದೀನಿ, ದೆವ್ವದ ಮೇಲೆ ಕೂಗಾಡಿದೋಳು ಅವಳೊಬ್ಬಳೇ.

"ಏನು ಸುಡಬೇಕಾ? ಇದನ್ನೂ ಸುಡಬೇಕಾ?" ಅಂತ ಕಿರುಚಿದ್ಲು. "ನಿನ್ನ ಕಲ್ಲು ಕಣೋ ಮುದುಕ ಇದು! ನನಗಲ್ಲ, ನಿಂಗೆ! ಇದು ಹೋದ್ರೆ ನಿಂಗೆ ಕೊನೇವರೆಗೂ ಗೂಟಾನೇ ಗತಿ! ಕೈ ಬರೀದೆ ಅರ್ಧಕ್ಕೆ ಬಿಟ್ಟು ಹೋದೋನು ನೀನು! ಆ ಥಾಯರ್ ನಿನ್ನ ಎದೇಗೆ ಮಣ್ಣು ತುಂಬಿದ್ನಲ್ಲ, ಅವನ ಮನೆ ಒಲೆ ಬಾಗಿಲು ಬಡಿಯೋಕೆ ನಿಂಗೆ ಧೈರ್ಯ ಇಲ್ಲ! ಸತ್ತ ಮೇಲೂ ನನ್ನ ಹತ್ರಾನೇ ನಿನ್ನ ಜೋರು?"

ಕರ್ರ್... ಕರ್ರ್...

"ತಗೋ! ತಗೋ!"

ಡಬ್ಬದ ಹಿಂದಿಂದ ಸುರುಳಿ ಎಳೆದು ಒಲೆಗೆ ಎಸೆದ್ಲು. ಎಣ್ಣೆಕಾಗದ ಅಲ್ವಾ, ಭಗ್ ಅಂತು. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಬೂದಿ.

"ಸುಟ್ಟೆ. ಸಾಕಾ?"

ಒಲೆ ಬಾಗಿಲು ಮೆಲ್ಲಗೆ... ಕಿರ್ರ್... ಅಂತ ಮುಚ್ಕೊಳ್ತು. ಚಿಲಕ ಬಿತ್ತು. ಟಿಕ್.

ಅವಳು ಅಳಲಿಲ್ಲ. ಆ ಸಿಟ್ಟಲ್ಲೇ ದೀಪ ಹಚ್ಚಿದ್ಲು. ಗಾಜಿನ ಮೇಲಿದ್ದ ಅಪ್ಪನ ಹಾಳೆ ಕಿತ್ತು, ಮೇಜಿನ ಆ ತುದಿಗೆ ಬೋರಲು ಹಾಕಿದ್ಲು. ಸಂತೆ ಸಾಮಾನು ಸುತ್ತಿ ಬಂದಿದ್ದ ಬಿಳೀ ಕಾಗದ ಎಳ್ಕೊಂಡ್ಲು. ಬರೆದ್ಲು.

ಹೆಂಗೆ ಬರೆದೆ ಅಂತ ನಾನು ಕೇಳಿದೀನಿ. "ಯೋಚ್ನೆ ಮಾಡ್ಲಿಲ್ಲ ಕಣೋ," ಅಂದ್ಲು. "ಬೈಕೊಂಡು ಬರ್ದೆ. ಒಂದೊಂದು ಗೆರೆಗೂ ಒಂದೊಂದು ಬೈಗುಳ." ದಂಟು ಒಂದೇ ಉಸಿರಿಗೆ. ಎಲೆ ಒಂದೇ ಉಸಿರಿಗೆ. ಕುತ್ತಿಗೆ ಹಿಂದೆ ಆ ಸೀಟಿ ಇತ್ತಂತೆ... ಅವಳು ಉಸಿರು ಎಳ್ಕೊಂಡಾಗ ಅದೂ ಎಳ್ಕೊಳ್ತು, ಬಿಟ್ಟಾಗ ಬಿಡ್ತು. ಟಕ್ ಟಕ್ ಅಂತ ಒಂದ್ಸಲವೂ ಬಡೀಲಿಲ್ಲ.

ಮಣಿಕಟ್ಟಿಗೆ ಬಂದ್ಲು. ನಿಲ್ಲಿಸ್ಲಿಲ್ಲ. ಬರೆದಿದ್ದು ಅವನ ಕೈನೇ. ಚಿಕ್ಕಂದಿನಲ್ಲಿ ಅವಳ ಕೈ ಮೇಲೆ ಕೂತು ಪೆನ್ಸಿಲ್ ಓಡಿಸ್ತಿದ್ದ ಕೈ. ಗಂಟು ಬೆರಳು, ಸುತ್ತಿಗೆ ಏಟು ತಿಂದು ಚಪ್ಪಟೆ ಆದ ಹೆಬ್ಬೆರಳು. ಬರೆದು ಪೆನ್ಸಿಲ್ ಎಸೆದ್ಲು.

ಆಮೇಲೆ ಉಸಿರಿನ ಸದ್ದು ಕೇಳ್ಲಿಲ್ಲ.

ನಕ್ಷೆಯೋರು ಬರೆದು ಮುಗಿಸಿದ ಹಾಳೇನ ಒಂದ್ಸಲ ಗಾಜಿಗೆ ಅಂಟಿಸಿ, ದೂರ ನಿಂತು ನೋಡ್ತಾರೆ. ತಪ್ಪಿದ್ರೆ ಬೆಳಕಲ್ಲಿ ಎದ್ದು ಕಾಣುತ್ತೆ. ಅವಳೂ ಅಂಟಿಸಿದ್ಲು. ನೋಡ್ತಾ ನೋಡ್ತಾ ಕುರ್ಚೀಲೇ ನಿದ್ದೆ ಹೋದ್ಲು. ಮೂಲ ವಾಪಸ್ ಇಡೋದು ಮರೆತೇ ಹೋಯ್ತು.

ಬೆಳಗಾಯ್ತು. ಧಡ್ ಧಡ್ ಧಡ್ ಅಂತ ಬಾಗಿಲು. ಥಾಯರ್.

ಬಾಸ್ಟನ್ನಿನೋರಿಗೆ ತೋರ್ಸೋಕೆ ಅಂತ ಬೆಳಿಗ್ಗೇನೇ ನಕ್ಷೆ ಹುಡುಕಿದಾನೆ, ಇಲ್ಲ. ನಾನು ಪಕ್ಕದ ಮನೆ. ಅವನ ಗಂಟಲು ಕೇಳಿ ಸುತ್ತಿಗೆ ಸಮೇತ ಹೋದೆ. ಪಾಲ್ಮೀರಾ ಮೆಟ್ಟಿಲಲ್ಲಿ ಸಿಕ್ಕಿ ನನ್ನ ತೋಳು ಹಿಡ್ಕೊಂಡ್ಲು.

"ರಾತ್ರಿ ಎಲ್ಲ ಯಾರ ಹತ್ರಾನೋ ಜಗಳ ಆಡ್ತಿದ್ಲು ಕಣೋ ದಾರಿಯೊ," ಅಂತ ಪಿಸುಗುಟ್ಟಿದ್ಲು. "ಗಂಡಸಿನ ಕೆಮ್ಮು ಕೇಳಿಸ್ತು. ಗಂಡು ಸಿಕ್ಕಿದ್ರೆ ಒಳ್ಳೇದೇ ಬಿಡು ಅಂದ್ಕೊಂಡೆ. ಆದ್ರೆ ಆ ಕೆಮ್ಮು..." ನನ್ನ ತೋಳು ಇನ್ನೂ ಬಿಗಿಯಾಗಿ ಹಿಡಿದ್ಲು. "ನಂಗೆ ಆ ಕೆಮ್ಮು ಗೊತ್ತು ಕಣೋ."

ಮೇಲೆ ಹೋದ್ರೆ ಥಾಯರ್ ಮೂಲ ಹಾಳೆ ಕೈಲಿ ಹಿಡ್ಕೊಂಡು ಕುಣೀತಾ ಇದಾನೆ.

"ಕಳ್ಳಿ! ನಕಲು ಎಲ್ಲಿ?"

"ನೋಡೋಕೆ ತಂದಿದ್ದೆ. ಅಗೋ ನಿಮ್ಮ ಕೈಲೇ ಇದೆ. ಕೆಲಸದಿಂದ ತೆಗೀರಿ, ಹೋಗಿ."

"ನಕಲು ಎಲ್ಲಿ ಅಂದೆ!" ಡಬ್ಬ ಉರುಳಿಸಿದ, ಹಾಸಿಗೆ ಎತ್ತಿದ. ಕೊನೆಗೆ ಕಣ್ಣು ಕಿಟಕಿಗೆ ಬಿತ್ತು. "ಆಹಾ! ಇಲ್ಲೇ ಇದೆಯಲ್ಲ! ನೆರಳಿನ ಕೆಲಸ!"

"ಇಟ್ಟು ನೋಡಿ," ಅಂದ್ಲು ಎಲ್ವೀರಾ. ಅಷ್ಟೇ.

"ಇಟ್ಟು ನೋಡು," ಅಂದೆ ನಾನೂ. ಸುತ್ತಿಗೆ ಈ ಕೈಯಿಂದ ಆ ಕೈಗೆ ಬದಲಾಯಿಸ್ದೆ. "ಕಟ್ಟಳೆ ನಿಂಗೂ ಒಂದೇ."

ತನ್ನ ಹಾಳೇನ ಅವಳ ಹಾಳೆ ಮೇಲಿಟ್ಟು ಗಾಜಿಗೆ ಒತ್ತಿದ. ಬಿಸಿಲು ಎರಡರ ಒಳಗಿಂದಲೂ ತೂರಿ ಬಂತು. ಮೇಲೆ ಸರಿಸಿದ, ಕೆಳಗೆ ಸರಿಸಿದ. ದಂಟು ದಂಟಿನ ಮೇಲೆ ಕೂತ್ರೆ ಹೂವು ದೂರ. ಹೂವು ಕೂತ್ರೆ ತೋಳು ದೂರ. ಎಲ್ಲೂ ಗೆರೆ ಮೇಲೆ ಗೆರೆ ಇಲ್ಲ. ಚಿಕ್ಕಪ್ಪನ ಲಿಲಿ ತಲೆ ಬಗ್ಗಿಸಿತ್ತು, ಇವಳದ್ದು ಕುತ್ತಿಗೆ ಎತ್ತಿ ನಿಂತಿತ್ತು. ಮತ್ತೆ ಕೈ... ಅವನ ಹಾಳೇಲಿ ಕೈಯೇ ಇಲ್ಲ, ಯಾವುದಕ್ಕೆ ಹೊಂದಿಸ್ತಾನೆ?

"ಹೊಂದಲ್ಲ ಅಲ್ವಾ ಸ್ವಾಮಿ?" ಅಂದ್ಲು ಪಾಲ್ಮೀರಾ ಬಾಗಿಲಿಂದ. "ಕನ್ನಡಕ ಬೇಕಾ? ನನ್ನ ಗಂಡಂದು ಇದೆ. ಅವನಿಗೆ ಇನ್ನು ಬೇಕಾಗಲ್ಲ."

ಥಾಯರ್ ಸಿಟ್ಟಲ್ಲಿ ಎರಡು ಹಾಳೇನೂ ಪರ್ ಅಂತ ಗಾಜಿಂದ ಕಿತ್ತ.

ಹಾಳೆ ಬಂತು. ಕೈ ಬರ್ಲಿಲ್ಲ.

ಬರೀ ಗಾಜಿನ ಮೇಲೆ, ಬಿಸಿಲಲ್ಲಿ, ಒಂದು ಕೈ. ಬೂದು ಗೆರೆ. ಐದು ಬೆರಳು, ಗಂಟುಗಂಟು. ದಂಟು ಇಲ್ಲ, ಎಲೆ ಇಲ್ಲ... ಕೈ ಮಾತ್ರ.

ಥಾಯರ್ ಮೆಲ್ಲಗೆ ಬೆರಳು ಹಚ್ಚಿ ಒರೆಸಿದ. ಹೋಗ್ಲಿಲ್ಲ. ಕರವಸ್ತ್ರದಲ್ಲಿ ಉಜ್ಜಿದ. ಕುಯ್... ಕುಯ್... ಗೆರೆ ಅಲ್ಲಾಡ್ಲಿಲ್ಲ. ಆಮೇಲೆ ಅವನಿಗೂ ಗೊತ್ತಾಯ್ತು. ಗೆರೆ ಗಾಜಿನ ಆಚೆಗಿತ್ತು.

ಅವನ ಮುಖ ನೋಡ್ಬೇಕಿತ್ತು. ತನ್ನ ಹಾಳೇನೂ ಬಿಟ್ಟು ಮೆಟ್ಟಿಲಿಳಿದ. ಅವನು ಕೆಮ್ತಾ ಇಳಿದಿದ್ದು ನನ್ನ ಕಿವಿಗೆ ಕೇಳಿಸ್ತು. ಅದಕ್ಕೆ ಮುಂಚೆ ಅವನು ಕೆಮ್ಮಿದ್ದನ್ನ ನಾನು ಕೇಳಿರ್ಲಿಲ್ಲ.

ನಾನು ಕೆಳಗೆ ಹೋಗಿ ನೋಡ್ದೆ. ಕಿಟಕಿ ಕೆಳಗೆ ಹಿಮ ಹಾಸಿದ ಹಾಗೇ ಇತ್ತು. ಏಣಿ ಊರಿದ ಗುರುತಿಲ್ಲ, ಬೆಕ್ಕಿನ ಹೆಜ್ಜೆ ಕೂಡ ಇಲ್ಲ. ಮತ್ತೆ ಮೇಲೆ ಬಂದು ಕಿಟಕಿ ಗಾಜು ಮೇಲಕ್ಕೆ ಸರಿಸಿ, ಕೈ ಆಚೆ ಹಾಕಿ ಗೆರೆ ಮುಟ್ಟಿದೆ. ಬೆರಳಿಗೆ ಹತ್ತಿದ್ದನ್ನ ನಾಲಗೆಗೆ ಇಟ್ಟೆ. ಗ್ರಾನೈಟ್ ಧೂಳು. ಆ ರುಚಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಎಲ್ವೀರಾ ತನ್ನ ಹಾಳೆ ತಂದು ಆ ಕೈ ಮೇಲೆ ಇಟ್ಲು. ಗೆರೆ ಮೇಲೆ ಗೆರೆ ಕೂತ್ಕೊಳ್ತು. ಬೆರಳು, ಗಂಟು, ಉಗುರು ಎಲ್ಲ ಕೂತ್ಕೊಳ್ತು. ಹೆಬ್ಬೆರಳು ಮಾತ್ರ ಕೂರ್ಲಿಲ್ಲ. ಅಲ್ಲಿ ಗಾಜಿನಾಚೆಯ ಗೆರೆ ಅವಳ ಗೆರೆಗಿಂತ ಒಂದು ಕೂದಲೆಳೆಯಷ್ಟು ಒಳಗಿತ್ತು.

ಅವಳು ನೋಡಿದ್ಲು. ಮೂಗು ಕೆಂಪಗಾಯ್ತು.

"ಇಷ್ಟು ದಪ್ಪ ಇರ್ಲಿಲ್ಲವಂತೆ," ಅಂದ್ಲು. "ಸತ್ರೂ ಬಿಡಲ್ಲ ಇವನು."

ಮಾರ್ಚಲ್ಲಿ ಕಲ್ಲು ತಂದೆ, ಬೇಸಿಗೇಲಿ ಕೆತ್ತಿದೆ. ಯಾವನೂ ತಕರಾರು ಎತ್ತಲಿಲ್ಲ. ಹೆಬ್ಬೆರಳ ಹತ್ರ ಬಂದಾಗ ಎಲ್ವೀರಾ ನನ್ನ ಪಕ್ಕ ಬಂದು ನಿಂತ್ಲು, ಯಾವ ಗೆರೆ ಹಿಡಿತೀಯ ಅಂತ ಕೇಳ್ಲಿಲ್ಲ. ನಾನು ಗಾಜಿನಾಚೆಯ ಗೆರೆ ಹಿಡಿದೆ. ಯಾಕಂದ್ರೆ ಅದೇ ಸರಿ ಇತ್ತು. ಹೋಗಿ ನೋಡಿ, ಮೇಲಿನ ಸ್ಮಶಾನದಲ್ಲಿದೆ. ಗೂಟ ನಾನೇ ಕಿತ್ತು ಒಲೆಗೆ ಹಾಕ್ದೆ. ಅವಳನ್ನ ಬೇರೆ ಶೆಡ್ಡಿನೋರು ಕರೆದು ಬೋರ್ಡು ಕೊಟ್ರು, ಅಲ್ಲಿ ಅವಳನ್ನ ನೆರಳು ಅಂದೋನಿಗೆ ಮಸಿ ಬಾಟ್ಲಿ ತಲೆಗೆ ಬಿತ್ತು. ಅದು ಬೇರೆ ಕತೆ.

ಆ ಮನೆ ಕೆಡವೋವಾಗ ನಾನು ಆ ಕಿಟಕಿ ಬಿಚ್ಚಿ ತಂದೆ. ಇಗೋ ಇದೇ, ನೀವು ಬೆನ್ನು ಕೊಟ್ಟು ಕೂತಿದೀರಲ್ಲ, ಇದೇ ಕಿಟಕಿ. ಮಳೆಗೆ ಗೆರೆ ತೊಳೆದು ಹೋದೀತು ಅಂತ ಗಾಜನ್ನ ತಿರುಗಿಸಿ ಕೂರಿಸ್ದೆ, ಧೂಳು ಒಳಗಡೆ ಬರೋ ಹಾಗೆ. ನನ್ನ ಕೈಯಾರೆ ಗಾಜಿನ ಅಂಚಿಗೆ ಮೆತ್ತು ಹಾಕಿ ಮೊಳೆ ಹೊಡೆದೆ.

ಬೆಳಿಗ್ಗೆ ಎದ್ದು ನೋಡ್ದೆ. ಮೆತ್ತು ಹಾಗೇ ಇತ್ತು, ಮೊಳೆ ಹಾಗೇ ಇತ್ತು.

ಏಳಿ, ಮುಟ್ಟಿ ನೋಡಿ. ಹೆದರ್ಕೋಬೇಡಿ. ಒಳಗಡೆ ನುಣ್ಣಗಿದೆ ಅಲ್ವಾ? ಗೆರೆ ಮತ್ತೆ ಹೊರಗಡೇನೇ ಇದೆ.